ಎರಡು ಕಡೆಗೂ ಒಬ್ಬರೇ

ಆವತ್ತು ನಲ್ಲಿಯಲ್ಲಿ ನೀರು ಬರುವ ದಿನ. ಹಾಸನದ ಜನವರಿ ಚಳಿಯಲ್ಲಿ ಆ ನೀರಿಗೆ ಕೈಯೊಡ್ಡಿದರೆ ಬೆರಳ ಸಂದಿಗೆಲ್ಲ ಸೂಜಿ ಚುಚ್ಚಿದ ಹಾಗಾಗುತ್ತದೆ. ಆದರೂ ತೊಟ್ಟಿ ತುಂಬಿಸಿ, ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು ಒಳಗೆ ಬಂದೆ. ಹಾಲು ಒಲೆಯ ಮೇಲಿತ್ತು. ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳನ್ನು ಬೋಗುಣಿಗೆ ಸುರಿದುಕೊಂಡು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಹಿಸುಕತೊಡಗಿದೆ. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ, ಸಿಪ್ಪೆ ಬೆರಳಿಗೇ ಅಂಟಿಕೊಂಡಿರುತ್ತದೆ. ಕೆಲವು ಬೇಳೆ ಗುರಿ ತಪ್ಪಿ ಫ್ರಿಜ್ಜಿನ ಕೆಳಗೆ ಹೋಗುತ್ತವೆ. ಅವನ್ನು ಪೊರಕೆ ಕಡ್ಡಿಯಿಂದ ಎಳೆದು ತೆಗೆಯುವುದೂ ಈ ಕಾಲದಲ್ಲಿ ದಿನದ ಕೆಲಸವೇ. ನನ್ನವರು ಸ್ನಾನ ಮುಗಿಸಿ ದೇವರ ಕೋಣೆಯಲ್ಲಿ ಗಂಟೆ ಬಾರಿಸುತ್ತಿದ್ದರು. ಅವರು ಅರಕಲಗೂಡಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರು. ಎಂಟು ಗಂಟೆಯ ಬಸ್ಸು ತಪ್ಪಿದರೆ ಪ್ರಾರ್ಥನೆಗೆ ಸಿಕ್ಕುವುದಿಲ್ಲ.

ಏಳು ಗಂಟೆ ಆಗಿ ಸ್ವಲ್ಪ ಹೊತ್ತಿಗೆ ಮಗಳ ಫೋನು ಬಂತು. ಜಾರ್ಜಿಯಾ ದೇಶದಲ್ಲಿ ವೈದ್ಯಕೀಯ ಓದುತ್ತಿರುವ ಹುಡುಗಿ. ಅಲ್ಲಿ ಇನ್ನೂ ಆರು ಗಂಟೆಯೂ ಆಗಿರಲಿಲ್ಲ, ಅಷ್ಟು ಬೇಗ ಏಳುವವಳಲ್ಲ. ಕೈ ಒದ್ದೆಯಿದ್ದುದರಿಂದ ಮೊಣಕೈಯಲ್ಲೇ ಫೋನಿನ ಗಾಜನ್ನು ಒತ್ತಿದೆ.

"ಮಮ್ಮಿ, ಪಪ್ಪ ಪಕ್ಕದಲ್ಲಿದಾರಾ?"

"ಪೂಜೆ ಮಾಡ್ತಿದಾರೆ. ಯಾಕೆ ಪುಟ್ಟಾ, ಜ್ವರಾನಾ?"

"ಅಲ್ಲ. ನಿನ್ನೆ ಕ್ಲಾಸಿಂದ ಬಂದಾಗ ಬಾಗಿಲ ಮೇಲೆ ಒಂದು ಪೇಪರ್ ಅಂಟಿಸಿದ್ರು. ಫೋನಲ್ಲಿ ಫೋಟೋ ತೆಗೆದು ಇಂಗ್ಲಿಷ್ ಮಾಡಿ ನೋಡಿದೆ. ಈ ಫ್ಲಾಟು ಹರಾಜಾಗಿದೆ ಅಂತೆ ಮಮ್ಮಿ. ಬೇರೆ ಯಾರೋ ತಗೊಂಡಿದಾರಂತೆ. ಹದಿನೈದು ದಿನದಲ್ಲಿ ಖಾಲಿ ಮಾಡಬೇಕಂತೆ."

"ಪಕ್ಕದ ಮನೇದು ನಿಮ್ಮ ಬಾಗಿಲಿಗೆ ಅಂಟಿಸಿರಬೇಕು. ನಂಬರ್ ಸರಿಯಾಗಿ ನೋಡಿದ್ಯಾ?"

"ನಂದೇ ನಂಬರ್ರು." ಆಮೇಲೆ ದನಿ ತಗ್ಗಿಸಿ, "ಅವಳಿಗೆ ಇನ್ನೂ ಹೇಳಿಲ್ಲ, ಮಲಗಿದಾಳೆ. ಹೊರಗೆ ಹಿಮ ಬಿದ್ದಿದೆ ಮಮ್ಮಿ, ಎಲ್ಲಿಗೆ ಹೋಗೋದು ನಾವು?" ಎಂದಳು.

'ಅವಳು' ಎಂದರೆ ಜೊತೆಗಿದ್ದ ಇನ್ನೊಂದು ಹುಡುಗಿ, ನನ್ನವರ ಶಾಲೆಯ ಗಣಿತದ ಮೇಷ್ಟ್ರ ಮಗಳು. ನಮ್ಮದೇ ಫ್ಲಾಟು ಇದೆಯಲ್ಲ, ನಮ್ಮ ಮಗಳ ಜೊತೆಗೇ ಇರಲಿ ಎಂದು ಆ ಮೇಷ್ಟ್ರಿಗೆ ಧೈರ್ಯ ಹೇಳಿ ಕಳಿಸಿದ್ದವಳು ನಾನು.

ಮಗಳು ಕಳಿಸಿದ ಫೋಟೋ ತೆರೆದು ನೋಡಿದೆ. ಆ ಭಾಷೆಯ ಅಕ್ಷರಗಳು ಹುರುಳಿ ಬಳ್ಳಿಯ ಕುಡಿಗಳ ಹಾಗೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಹೋದ ವರ್ಷ ಅವು ನನಗೆ ಚೆನ್ನಾಗಿ ಕಂಡಿದ್ದವು. ಕಾಗದದ ನಾಲ್ಕು ಮೂಲೆಗೂ ಅಂಟುಪಟ್ಟಿ ಹಾಕಿದ್ದರು, ಅಳತೆ ಹಿಡಿದ ಹಾಗೆ ನೀಟಾಗಿ. ಬಾಗಿಲ ಚೌಕಟ್ಟಿಗೆ ನಾನು ಇಲ್ಲಿಂದ ಕಳಿಸಿದ್ದ ಪ್ಲಾಸ್ಟಿಕ್ ಮಾವಿನ ತೋರಣ ಆ ಕಾಗದದ ಮೇಲಂಚಿಗೆ ತಾಗುತ್ತಿತ್ತು.

ಆ ಫ್ಲಾಟಿನ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮಗಳನ್ನು ಅಲ್ಲಿಗೆ ಕಳಿಸಿದ್ದು ಹೊಳೆನರಸೀಪುರದ ಒಬ್ಬ ಏಜೆಂಟನ ಮೂಲಕ. ಆರು ವರ್ಷ ಬಾಡಿಗೆ ಕಟ್ಟುವುದರ ಬದಲು ಒಂದು ಸಣ್ಣ ಫ್ಲಾಟು ಕೊಂಡರೆ ಓದು ಮುಗಿದ ಮೇಲೆ ಮಾರಬಹುದು ಎಂದು ಅವನೇ ಹೇಳಿದ್ದ. ನುಗ್ಗೇಹಳ್ಳಿ ಹತ್ತಿರ ನನ್ನ ಅಪ್ಪ ನನ್ನ ಹೆಸರಿಗೇ ಬರೆದಿಟ್ಟಿದ್ದ ತೆಂಗಿನ ತೋಟ ಇತ್ತು. ಅದನ್ನು ಮಾರಿದೆವು. ಆದ್ದರಿಂದ ಫ್ಲಾಟಿನ ಕರಾರೂ ನನ್ನ ಹೆಸರಿಗೇ ಆಯಿತು. ಅಲ್ಲಿಯ ವಕೀಲರೊಬ್ಬರು ವಿಡಿಯೋ ಕಾಲ್‌ನಲ್ಲಿ ಬಂದರು. ನೀಲಿ ಟೈ, ಹಿಂದೆ ಪುಸ್ತಕದ ಕಪಾಟು, ಮೇಜಿನ ಮೇಲೆ ಒಂದು ಬಟ್ಟಲು ದ್ರಾಕ್ಷಿ. ಎಲ್ಲವನ್ನೂ ತಾವೇ ನೋಡಿಕೊಳ್ಳುವುದಾಗಿ ಇಂಗ್ಲಿಷಿನಲ್ಲಿ ಹೇಳಿದರು. "ಇವರು ನಮ್ಮ ಕಡೆಯವರಾ, ಬಿಲ್ಡರ್ ಕಡೆಯವರಾ?" ಎಂದು ನಾನು ಏಜೆಂಟನನ್ನು ಕೇಳಿದ್ದೆ. ಕೇಳಿದ್ದೆ ಎಂಬುದೇ ಈಗ ನನಗೆ ಹೆಚ್ಚು ಸಂಕಟ ಕೊಡುವುದು. ಅವನು ನಕ್ಕು, "ನಿಮ್ಮ ತೋಟ ಮಾರ್ದಾಗ ಪತ್ರ ಬರೆಯೋರು ಎಷ್ಟು ಜನ ಇದ್ರು ಆಂಟಿ? ಒಬ್ರೇ ತಾನೆ? ಎರಡು ಕಡೆಗೂ ಅವ್ರೇ ತಾನೆ? ಅಲ್ಲೂ ಹಂಗೇ" ಎಂದ.

ನನಗೆ ಅದು ಸರಿಯೆನ್ನಿಸಿತು. ನಮ್ಮ ಕಡೆ ಯಾರು ತೋಟ ಕೊಂಡರೂ ಗದ್ದೆ ಮಾರಿದರೂ ಕೊಡುವವರು, ಕೊಳ್ಳುವವರು ಇಬ್ಬರೂ ಸೇರಿ ಒಬ್ಬ ಪತ್ರ ಬರಹಗಾರರ ಬೆಂಚಿನ ಮೇಲೇ ಕೂರುತ್ತೇವೆ. ಅವರು ಇಬ್ಬರನ್ನೂ ಕೇಳಿ ಒಂದೇ ಪತ್ರ ಬರೆಯುತ್ತಾರೆ. ಇಬ್ಬಿಬ್ಬರು ವಕೀಲರನ್ನಿಟ್ಟರೆ ಜಗಳಕ್ಕೆ ಬಂದಿದ್ದಾರೆ ಎಂದುಕೊಳ್ಳುತ್ತಾರೆ ಜನ. ಹಾಗಾಗಿ ಸುಮ್ಮನಾದೆ. ಕರಾರು ಇ-ಮೇಲಿನಲ್ಲಿ ಬಂದ ಮೇಲೆ ಮುದ್ರಿಸಿಕೊಂಡು, ಸೀಸದಕಡ್ಡಿ ಹಿಡಿದು ಮೂರು ದಿನ ಓದಿದೆ. ಒಂದೇ ಪುಟದಲ್ಲಿ ಎರಡು ಅಂಕಣ, ಎಡಕ್ಕೆ ಅವರ ಭಾಷೆ, ಬಲಕ್ಕೆ ಇಂಗ್ಲಿಷು. ಕಾನ್ವೆಂಟಿನಲ್ಲಿ ಓದಿದವಳೆಂಬುದು ಈ ಮನೆಗೆ ಬಂದ ಮೇಲೆ ನನಗೆ ಉಳಿದಿದ್ದ ಒಂದೇ ಪದವಿ. ಬೀದಿಯವರ ಇನ್ಶೂರೆನ್ಸ್ ಕಾಗದ, ಆಸ್ಪತ್ರೆ ಚೀಟಿ, ಬ್ಯಾಂಕಿನ ನೋಟೀಸು ಎಲ್ಲಾ ನನ್ನ ಹತ್ತಿರವೇ ಬರುತ್ತಿದ್ದವು. ಕರಾರಿನಲ್ಲೂ ಎರಡು ಮೂರು ಕಡೆ ಕಾಮಾ ತಿದ್ದಿದೆ. ಶುಕ್ರವಾರ ನೋಡಿ, ಮೊದಲ ಪುಟದ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಸಹಿ ಹಾಕಿ ಸ್ಕ್ಯಾನ್ ಮಾಡಿಸಿ ಕಳಿಸಿದೆ. ಮೂಲೆಯಲ್ಲಿರುವ ಕಲೆ ಏನು, ಶುದ್ಧ ಪ್ರತಿ ಕಳಿಸಿ ಎಂದು ಆ ವಕೀಲರು ಬರೆದರು. ನಾವೆಲ್ಲ ಅದನ್ನು ಹೇಳಿಕೊಂಡು ನಕ್ಕಿದ್ದೆವು.

ಪೂಜೆ ಮುಗಿಸಿ ಬಂದ ನನ್ನವರಿಗೆ ಹೇಳಿದೆ. ಅವರು ಊದುಬತ್ತಿ ಹಿಡಿದೇ ನಿಂತಿದ್ದರು, ಬೂದಿ ಉದುರಿ ಪಂಚೆಯ ಮೇಲೆ ಬಿತ್ತು.

"ಪತ್ರ ನೀನೇ ಓದಿದ್ದೆಯಲ್ಲ" ಎಂದರು.

ಬೈಯಲಿಲ್ಲ. ಅವರಿಗೆ ಬೈಯಲು ಬರುವುದಿಲ್ಲ. ಬೈದಿದ್ದರೆ ವಾಸಿಯಿತ್ತು. "ಇವತ್ತು ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆ, ನಾನು ಹೋಗಲೇಬೇಕು. ಏಜೆಂಟಿಗೆ ಫೋನ್ ಮಾಡು. ಮೇಷ್ಟ್ರಿಗೆ ಮಾತ್ರ ಈಗಲೇ ಗೊತ್ತಾಗೋದು ಬೇಡ" ಎಂದು, ತಿಂಡಿಯನ್ನೂ ಮುಟ್ಟದೆ ಹೊರಟರು. ಗೇಟಿನ ಹತ್ತಿರ ತಿರುಗಿ ನೋಡಿದರು. ಚಪ್ಪಲಿ ಹಾಕಿಕೊಳ್ಳುವಾಗ ಎಡದ್ದು ಬಲಕ್ಕೆ ಹಾಕಿಕೊಂಡು ಮತ್ತೆ ತೆಗೆದಿದ್ದನ್ನು ನಾನು ನೋಡಿದ್ದೆ.

ಏಜೆಂಟ್ ಫೋನ್ ಎತ್ತಲಿಲ್ಲ. ಏಳು ಸಲ ಮಾಡಿದೆ. ಹಿಸುಕಿದ ಬೇಳೆಯನ್ನು ಹಾಗೇ ಮುಚ್ಚಿಟ್ಟು, ಕರಾರಿನ ಫೈಲು ಚೀಲಕ್ಕೆ ಹಾಕಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೇಟು ಪಡೆಯುವಾಗ ಕಾರ್ಡು ಕೆಳಗೆ ಬಿತ್ತು. ಕಂಡಕ್ಟರು ಬಗ್ಗಿ ಎತ್ತಿ ಕೊಟ್ಟು, "ನಿಧಾನಕ್ಕೆ ಕಣಮ್ಮ, ಬಸ್ಸೇನು ಬಿಟ್ಟೋಗಲ್ಲ" ಎಂದ. ಕಿಟಕಿಯ ಹೊರಗೆ ಹೊಲಗಳ ಮೇಲೆ ಮಂಜು ಇನ್ನೂ ಕೂತಿತ್ತು. ಹಿಮ ಎಂದರೆ ಇದಕ್ಕಿಂತ ಎಷ್ಟು ಪಟ್ಟು ಚಳಿ ಎಂದು ಲೆಕ್ಕ ಹಾಕಲು ಹೋಗಿ, ಮಗಳು ಹೋಗುವಾಗ ಉಲ್ಲನ್ನಿನ ಕಾಲುಚೀಲ ಎಷ್ಟು ಜೊತೆ ಕಳಿಸಿದ್ದೆ ಎಂಬಲ್ಲಿಗೆ ಮನಸ್ಸು ನಿಂತುಬಿಟ್ಟಿತು. ಮೂರು ಜೊತೆ. ನಾಲ್ಕು ಕಳಿಸಬಹುದಿತ್ತು.

ಏಜೆಂಟನ ಆಫೀಸು ಒಂದು ಬೇಕರಿಯ ಮೇಲಿನ ಮಹಡಿ. ಮೆಟ್ಟಿಲು ಹತ್ತುವಾಗ ಬಿಸಿ ಬನ್ನಿನ ವಾಸನೆ. ಗೋಡೆ ತುಂಬಾ ಬಿಳಿ ಕೋಟು ಹಾಕಿದ ಮಕ್ಕಳ ಫೋಟೋ, ನಡುವೆ ನನ್ನ ಮಗಳದ್ದೂ ಇತ್ತು. ಅವನು ಒಳಗೇ ಇದ್ದ. ನನ್ನನ್ನು ನೋಡಿ ಎದ್ದು ನಿಂತ. ಮೊದಲಿನಿಂದಲೂ ಮರ್ಯಾದೆಗೆ ಕಡಿಮೆ ಮಾಡಿದವನಲ್ಲ.

"ಬನ್ನಿ ಆಂಟಿ, ಕೂತ್ಕೊಳ್ಳಿ. ನಾನೇ ಫೋನ್ ಮಾಡೋನಿದ್ದೆ. ನೀರು ಕುಡೀರಿ."

"ಮಗಳ ಬಾಗಿಲಿಗೆ ನೋಟೀಸು ಅಂಟಿಸಿದಾರಪ್ಪ."

"ಗೊತ್ತು ಆಂಟಿ. ಬಿಲ್ಡರ್‌ಗೆ ಏನೋ ಬ್ಯಾಂಕ್ ತೊಂದ್ರೆ. ನಿಮ್ದೊಂದೇ ಅಲ್ಲ. ನಮ್ಮ ಲಾಯರ್ರು ಆಗ್ಲೇ ಸೊಲ್ಯೂಷನ್ ಮಾಡವ್ರೆ." ಮೇಜಿನ ಖಾನೆಯಿಂದ ಎರಡು ಹಾಳೆ ತೆಗೆದು ನನ್ನ ಮುಂದಿಟ್ಟ. "ಬೇರೆ ಬಿಲ್ಡಿಂಗಲ್ಲಿ ಇನ್ನೊಂದು ಫ್ಲಾಟ್ ಕೊಡ್ತಾರೆ. ಇದಕ್ಕೆ ಒಂದು ಸೈನ್ ಹಾಕ್ಬುಡಿ, ಇವತ್ತೇ ಸ್ಕ್ಯಾನ್ ಮಾಡಿ ಕಳಿಸ್ತೀನಿ."

"ಯಾವಾಗ ಕೊಡ್ತಾರೆ?"

"ಕಟ್ತಾವ್ರೆ. ಆಗ್ತದೆ. ಅಲ್ಲಿವರ್ಗೂ ಹಾಸ್ಟೆಲ್ ನೋಡಣ. ಪೊಲೀಸು ಗಿಲೀಸು ಅಂತ ಮಾತ್ರ ಓಗ್ಬೇಡಿ ಆಂಟಿ, ಮಗೂ ವೀಸಾಕ್ಕೆ ತೊಂದ್ರೆ ಆಗ್ತದೆ. ನಮ್ಮನೆ ಹುಡ್ಗಿ ಇದ್ದಂಗೆ ಅವ್ಳು, ನಂಗೂ ಹೊಟ್ಟೆ ಉರೀತದೆ."

ಅವನು ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟ. ಹೇಳಿಬಿಡುತ್ತೇನೆ, ನಾನು ಪೆನ್ನು ತೆಗೆದುಕೊಂಡೆ. ಹಾಳೆಯ ಮೇಲಿನ ಸಾಲುಗಳು ಕಣ್ಣಿಗೆ ಕಾಣುತ್ತಿದ್ದವು, ತಲೆಗೆ ಹೋಗುತ್ತಿರಲಿಲ್ಲ. ಓದುವುದು ಎಂಬ ಕೆಲಸವೇ ನನಗೆ ಮರೆತುಹೋದ ಹಾಗಿತ್ತು. ಹೆಸರಿನ ಮೊದಲ ಅಕ್ಷರವನ್ನು ಬರೆಯಲು ಪೆನ್ನಿನ ತುದಿ ಊರಿದ್ದೆ ಕೂಡ, ಒಂದು ಚುಕ್ಕೆ ಬಿದ್ದಿತ್ತು. ಆಗ ಯಾಕೋ ಬಾಯಿಂದ, "ಚನ್ನರಾಯಪಟ್ಟಣದ ಮಾವನಿಗೆ ಒಂದ್ಸಲ ತೋರಿಸಿ ಹಾಕ್ತೀನಿ" ಎಂದು ಬಂತು. ಅದು ಬುದ್ಧಿವಂತಿಕೆಯಲ್ಲ, ಅಭ್ಯಾಸ. ನಮ್ಮ ತೋಟದ ಪತ್ರ ಬರೆದವರೂ ಅವರೇ; ನಮ್ಮ ತವರಿನಲ್ಲಿ ಯಾವ ಪತ್ರಕ್ಕೂ, ನಾವೆಲ್ಲ ಮಾವ ಎಂದೇ ಕರೆಯುವ ಆ ಪತ್ರ ಬರಹಗಾರರಿಗೆ ತೋರಿಸದೆ ಯಾರೂ ಸಹಿ ಹಾಕಿದವರಲ್ಲ.

"ಆ ತಾತಂಗೆ ಇಂಗ್ಲಿಷ್ ಬತ್ತದಾ ಆಂಟಿ?" ಎಂದು ಅವನು ನಕ್ಕ. "ತೋರಿಸ್ಕೊಂಡು ಬನ್ನಿ. ಸಂಜೆ ಒಳಗೆ ಆಗ್ಬೇಕು, ಅಷ್ಟೇಯ."

ಇನ್ನೊಂದು ಬಸ್ಸು. ಚನ್ನರಾಯಪಟ್ಟಣ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿನ ಆ ಸಣ್ಣ ಕೋಣೆಯಲ್ಲಿ ಅವರು ಯಾವಾಗಿನ ಹಾಗೆ ಗೋಡೆಗೆ ಒರಗಿ ಕೂತಿದ್ದರು. ಈಗ ಪತ್ರಗಳನ್ನು ಕಂಪ್ಯೂಟರಿನಲ್ಲಿ ಒಬ್ಬ ಹೆಂಗಸು ಟೈಪ್ ಮಾಡುತ್ತಾಳೆ, ಇವರು ಕಣ್ಣು ಮುಚ್ಚಿ ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ. ಆದರೂ ಬಲಗೈಯ ನಡುಬೆರಳ ಮೇಲೆ ಹಳೆಯ ಶಾಯಿ ಪೆನ್ನಿನ ಗಂಟು ಹಾಗೇ ಇದೆ. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದರು. ಬೆಂಚಿನ ಮೇಲೆ ಹಿರೀಸಾವೆ ಕಡೆಯ ಗಂಡ ಹೆಂಡತಿ ಒಂದು ತುದಿಗೆ, ಅವರಿಗೆ ನಿವೇಶನ ಮಾರುವವರು ಇನ್ನೊಂದು ತುದಿಗೆ ಕೂತು, ನಡುವೆ ಒಂದೇ ಕಡಲೆಕಾಯಿ ಪೊಟ್ಟಣ ಇಟ್ಟುಕೊಂಡು ತಿನ್ನುತ್ತಿದ್ದರು.

"ಏನವ್ವಾ, ಮುಖ ಇಷ್ಟಕ್ಕಾಗದೆ? ಊಟ ಮಾಡ್ಲಿಲ್ವಾ?"

ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಟೈಪು ಮಾಡುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. ಕಡಲೆಕಾಯಿ ತಿನ್ನುವವರೂ ನಿಲ್ಲಿಸಿದರು.

ಮಾವ ಕರಾರಿನ ಪುಟಗಳನ್ನು ಒಂದೊಂದಾಗಿ ತಿರುವಿದರು. ಇಂಗ್ಲಿಷು ಅವರಿಗೆ ಅಷ್ಟಕ್ಕಷ್ಟೆ. "ಆವತ್ತು ನೀನು ಇದ ತಂದಾಗ ನಾನೊಂದು ಕೇಳಿದ್ದೆ, ಗ್ಯಾಪಕ ಅದಾ? ಚೆಕ್ಕುಬಂದಿ ಎಲ್ಲವ್ವಾ ಅಂದಿದ್ದೆ. ಮೂಡ್ಲಿಗೆ ಯಾರು, ಪಡುವ್ಲಿಗೆ ಯಾರು, ಒಂದೂ ಇಲ್ವಲ್ಲ ಅಂದಿದ್ದೆ. ನೀನು, ಐದನೇ ಮಾಡೀಲಿರೋ ಮನೆಗೆ ಯಾವ ಚೆಕ್ಕುಬಂದಿ ಮಾವ ಅಂತ ನಗಾಡ್ದೆ."

"ಹೌದು ಮಾವ."

"ನಾನೂ ಸುಮ್ಕಾದೆ. ಸೀಲದೆ, ಸೈನದೆ, ಓದ್ದೋಳು ಓದವ್ಳೆ ಅಂದ್ಕಂಡೆ. ನಂದೂ ತಪ್ಪೇಯ." ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಇದ ಬರ್ದೋನು ಯಾರ ಮನುಷ್ಯ?"

"ಅವನೇ ಎರಡು ಕಡೆಗೂ ಅಂದ್ರು ಮಾವ. ನಿಮ್ಮ ಥರಾನೇ ಅಂತ ನಾನೂ ನಂಬಿದೆ."

ಅವರು ಬೆಂಚಿನ ಕಡೆ ಕೈ ತೋರಿಸಿದರು. "ಅಲ್ಲಿ ಕೂತವ್ರಲ್ಲ, ಇತ್ಲಾಗಿನೋರೂ ನಂಗೆ ಬೇಕು, ಅತ್ಲಾಗಿನೋರೂ ಬೇಕು. ನಾಳೆ ಸಂತೇಲಿ ಸಿಕ್ತಾರೆ, ಮದ್ವೇಲಿ ಸಿಕ್ತಾರೆ. ಒಬ್ರಿಗೆ ಮೋಸ ಮಾಡುದ್ರೆ ನಾನು ಈ ಊರಲ್ಲಿ ತಲೆ ಎತ್ಕಂಡು ಓಡಾಡಕ್ಕಾಯ್ತದಾ? ಅದ್ಕೇ ಎರಡು ಕಡೆಗೂ ಬರೀತೀನಿ ಕಣವ್ವಾ. ಅವ್ನು ನಿನ್ನ ಮುಖ ಎಲ್ಲಿ ನೋಡ್ಬೇಕು? ಯಾವ ಸಂತೇಲಿ ಸಿಕ್ತೀಯ ನೀನು ಅವ್ನಿಗೆ?"

ಮೂವತ್ತು ವರ್ಷಗಳಿಂದ ನಾನು ಕಂಡ ಆ ಬೆಂಚು ಯಾವುದರ ಮೇಲೆ ನಿಂತಿದೆ ಎಂಬುದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಬೆಂಚು ನೋಡಿದ್ದೆ ಅಷ್ಟೆ.

"ಈಗ ಕೊಟ್ಟವ್ನಲ್ಲ, ಈ ಎರಡು ಹಾಳೆ, ಇದ್ಕೆ ಸೈನ್ ಹಾಕ್ಬ್ಯಾಡ. ಏನು ಬರ್ದದೋ ನಂಗೊತ್ತಿಲ್ಲ. ಹಾಕ್ಬ್ಯಾಡ." ಹಾಸನದಲ್ಲಿ ವಕೀಲೆಯಾಗಿರುವ ತಮ್ಮ ತಂಗಿಯ ಮಗಳ ಫೋನ್ ನಂಬರನ್ನು ಹಳೆಯ ಛಾಪಾಕಾಗದದ ಚೂರಿನ ಹಿಂದೆ ಬರೆದುಕೊಟ್ಟರು. ನಾನು ಹೊರಡುವಾಗ ಹಿರೀಸಾವೆಯ ಹೆಂಗಸು ಎದ್ದು ಬಂದು, ಒಂದು ಹಿಡಿ ಕಡಲೆಕಾಯಿಯನ್ನು ನನ್ನ ಚೀಲದೊಳಗೆ ಹಾಕಿದಳು.

ವಕೀಲೆಯ ಆಫೀಸು ಹಾಸನದ ಕೋರ್ಟಿನ ಹಿಂದಿನ ಓಣಿ. ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು. ಕೂದಲಿಗೆ ಕ್ಲಿಪ್ಪು, ಮೇಜಿನ ಗಾಜಿನ ಕೆಳಗೆ ಮಗು ಬರೆದ ಒಂದು ಆನೆ. ಮೊದಲು ಕರಾರನ್ನು ಓದಿದಳು, ಹಿಂದಿನಿಂದ ಮುಂದಕ್ಕೆ. ನಾನು ಅದನ್ನು ಮುಂದಿನಿಂದ ಹಿಂದಕ್ಕೆ ಓದಿದ್ದೆ.

"ಅಕ್ಕಾ, ಈ ಕೊನೇ ಪುಟ ನೋಡಿದ್ರಾ?"

ಬೆರಳಿಟ್ಟ ಕಡೆ ನೋಡಿದೆ. ಈ ಕರಾರನ್ನು ಮಾರಾಟಗಾರರ ಪರವಾಗಿ ಅವರ ವಕೀಲರು ತಯಾರಿಸಿದ್ದಾರೆ, ಕೊಳ್ಳುವವರು ತಮ್ಮದೇ ವಕೀಲರ ಸಲಹೆ ಪಡೆಯುವುದು ಒಳ್ಳೆಯದು ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಇತ್ತು. ಅದೇ ಸಾಲಿನಲ್ಲಿ ನನ್ನ ಸೀಸದಕಡ್ಡಿಯ ಗುರುತೂ ಇತ್ತು. ಒಂದು ಕಾಮಾ ಹಾಕಿದ್ದೆ.

"ಅವರು ಮುಚ್ಚಿಟ್ಟಿಲ್ಲ" ಎಂದಳು. "ಬಾಯಲ್ಲಿ ಒಂದು ಹೇಳಿ, ಕಾಗದದಲ್ಲಿ ಇನ್ನೊಂದು ಬರೆದಿದಾರೆ. ನಮ್ಮಲ್ಲಿ ಇ.ಸಿ. ತೆಗೆಸ್ತೀವಲ್ಲ, ಆಸ್ತಿ ಮೇಲೆ ಸಾಲ ಗೀಲ ಇದೆಯಾ ಅಂತ, ಹಾಗೇ ಅಲ್ಲೂ ನೋಂದಣಿ ಕಚೇರಿ ಇರುತ್ತೆ. ನಿಮ್ಮ ಪರ ಅಂತ ಒಬ್ಬರಿದ್ದಿದ್ರೆ ಸಹಿಗೆ ಮುಂಚೆ ಅದನ್ನ ನೋಡಿ ಹೇಳೋರು. ನನಗೆ ಅಲ್ಲಿಯ ಕಾನೂನು ಗೊತ್ತಿಲ್ಲ ಅಕ್ಕಾ, ಗೊತ್ತು ಅಂತ ಹೇಳಲ್ಲ. ಅಲ್ಲಿಯ ವಕೀಲರೇ ಬೇಕು. ಆದ್ರೆ ನಿಮ್ಮವರು ಮಾತ್ರ ಆಗಿರಬೇಕು."

ಆ ದೇಶದ ವಕೀಲರ ಸಂಘದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆಗೆದು, ಇಂಗ್ಲಿಷ್ ಬಲ್ಲವರು, ಆಸ್ತಿ ವ್ಯಾಜ್ಯ ನಡೆಸುವವರು ಎಂದು ಜರಡಿ ಹಿಡಿದು ನಾಲ್ವರಿಗೆ ಇ-ಮೇಲ್ ಬರೆದಳು. ನಾನು ಪಕ್ಕದಲ್ಲಿ ಕೂತು ಗೋಡೆ ಗಡಿಯಾರ ನೋಡುತ್ತಿದ್ದೆ. ಅದರ ಸೆಕೆಂಡಿನ ಮುಳ್ಳು ಒಂಬತ್ತರ ಹತ್ತಿರ ಬಂದಾಗ ಒಂದು ಕ್ಷಣ ತಡವರಿಸಿ ಮುಂದೆ ಹೋಗುತ್ತಿತ್ತು. ಏಜೆಂಟನ ಮೆಸೇಜುಗಳು ಬರುತ್ತಿದ್ದವು: 'ಆಂಟಿ ಆಯ್ತಾ?', 'ಆಂಟಿ, ಟೈಮ್ ಇಲ್ಲ.' ಮಗಳಿಂದ ಒಂದೇ ಒಂದು: 'ಅವಳಿಗೆ ಹೇಳ್ದೆ. ತುಂಬಾ ಅಳ್ತಿದಾಳೆ.'

ನಾಲ್ಕು ಗಂಟೆಯ ಹೊತ್ತಿಗೆ ಆ ನಾಲ್ವರಲ್ಲಿ ಒಬ್ಬ ಹೆಂಗಸು ವಿಡಿಯೋದಲ್ಲಿ ಬಂದರು. ನನ್ನಷ್ಟೇ ವಯಸ್ಸು, ಬೆಳ್ಳಿಗೂದಲು, ಮಫ್ಲರ್ ಸುತ್ತಿಕೊಂಡೇ ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದು ತಡೆದರು. ಬಿಲ್ಡರ್‌ನ ಹೆಸರು ಮಾತ್ರ ಹೇಳಿ, ಬೇರೆ ಏನೂ ಹೇಳಬೇಡಿ, ನಾನಾಗಲಿ ನನ್ನ ಆಫೀಸಿನವರಾಗಲಿ ಎಂದಾದರೂ ಅವರಿಗೆ ಕೆಲಸ ಮಾಡಿದ್ದೇವೆಯೇ ಎಂದು ಮೊದಲು ನೋಡಬೇಕು, ಮಾಡಿದ್ದರೆ ನಿಮ್ಮ ಮಾತು ಕೇಳುವ ಹಕ್ಕು ನನಗಿಲ್ಲ ಎಂದರು. ಹೆಸರು ಹೇಳಿದೆ. ಎದ್ದುಹೋದರು. ಅವರ ಖಾಲಿ ಕುರ್ಚಿಯನ್ನೇ ಹತ್ತು ನಿಮಿಷ ನೋಡುತ್ತಾ ಕೂತೆ. ಹೋದ ವರ್ಷ ದ್ರಾಕ್ಷಿ ಬಟ್ಟಲು ಇಟ್ಟುಕೊಂಡವರು ನನ್ನನ್ನು ಒಂದು ಕ್ಷಣವೂ ಕಾಯಿಸಿರಲಿಲ್ಲ.

ಬಂದು ಕೂತು, "ಇಲ್ಲ, ಮಾಡಿಲ್ಲ. ಈಗ ಹೇಳಿ" ಎಂದರು. ಹೇಳಿದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಆವತ್ತು ನಡುನಡುವೆ ತುಂಡಾಯಿತು, ವಕೀಲೆ ಪಕ್ಕದಿಂದ ಸೇರಿಸುತ್ತಾ ಹೋದಳು. ನಾನು ಮಾತಾಡುತ್ತಿದ್ದಂತೆಯೇ ಅವರು ಆ ಕಡೆ ನೋಂದಣಿ ದಾಖಲೆ ತೆರೆದು ಓದುತ್ತಿದ್ದರು. ಓದಿ ಮುಗಿಸಿ ಕನ್ನಡಕವನ್ನು ಹಣೆಗೇರಿಸಿದರು. ನಾವು ಕರಾರು ಮಾಡಿಕೊಳ್ಳುವ ಮುಂಚೆಯೇ ಇಡೀ ಕಟ್ಟಡ ಒಂದು ಬ್ಯಾಂಕಿಗೆ ಅಡವಾಗಿತ್ತು. ನಮ್ಮ ಕರಾರು ನೋಂದಣಿಯೇ ಆಗಿಲ್ಲ. ಅಲ್ಲಿಯ ದಾಖಲೆಯಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ. ಏಜೆಂಟ್ ಕೊಟ್ಟ ಎರಡು ಹಾಳೆಯನ್ನೂ ವಕೀಲೆ ಕಳಿಸಿದ್ದಳು. ಅದಕ್ಕೆ ಸಹಿ ಹಾಕಿದ್ದರೆ ಬಿಲ್ಡರ್ ಮೇಲೆ ಇನ್ನು ಯಾವ ಹಕ್ಕೂ ಇಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. "ಹಾಕಿಲ್ಲ ತಾನೆ?" ಎಂದು ಅವರು ಎರಡು ಸಲ ಕೇಳಿದರು. ಆ ಹಾಳೆಯ ಮೇಲಿದ್ದ ಚುಕ್ಕೆ ತೋರಿಸಿದೆ. ಅವರು ನಗಲಿಲ್ಲ.

"ಮನೆ ಉಳಿಯುತ್ತಾ?" ಎಂದೆ.

ಉಳಿಸುತ್ತೇನೆಂದು ಹೇಳಿದರೆ ಸುಳ್ಳು ಹೇಳಿದ ಹಾಗೆ, ಎಂದರು ನಿಧಾನವಾಗಿ. ಮನೆ ಹೋಗಿದೆ ಎಂದೇ ತಿಳಿಯಿರಿ. ಕೊಟ್ಟ ಹಣಕ್ಕೆ ದಾವೆ ಹೂಡಬಹುದು, ವರ್ಷಗಳಾಗುತ್ತವೆ, ಬಿಲ್ಡರ್ ಹತ್ತಿರ ಏನೂ ಉಳಿಯದೆಯೂ ಇರಬಹುದು. ಕೋರ್ಟಿನಲ್ಲಿ ಒಂದು ಪ್ರಯತ್ನ ಮಾಡುತ್ತೇನೆ, ಚಳಿಗಾಲ ಮುಗಿಯುವವರೆಗೆ ಹುಡುಗಿಯರು ಅಲ್ಲೇ ಇರಲು ಅವಕಾಶ ಕೊಡಿ ಎಂದು. ಅದಕ್ಕೂ ಭರವಸೆ ಇಲ್ಲ. ನಿಮ್ಮ ಪವರ್ ಆಫ್ ಅಟಾರ್ನಿ, ಅಂದರೆ ನಿಮ್ಮ ಪರವಾಗಿ ಕೆಲಸ ನಡೆಸುವ ಅಧಿಕಾರಪತ್ರ, ನನ್ನ ಕೈಗೆ ಬರಬೇಕು, ನಿಮ್ಮ ಸರ್ಕಾರದ ಮುದ್ರೆಯ ಸಮೇತ, ನೋಟೀಸಿನ ಗಡುವಿಗೆ ಮುಂಚೆ.

ಬೆಳಗ್ಗೆ ಮನೆ ಬಿಡುವಾಗ ನಾನು ಕೇಳಿಕೊಂಡಿದ್ದು ಮನೆ ಉಳಿಯಲಿ ಎಂದು. ಸಂಜೆಯಾಗುವ ಹೊತ್ತಿಗೆ ಮಾರ್ಚ್ ತಿಂಗಳವರೆಗೆ ಒಂದು ಸೂರು ಸಿಕ್ಕರೆ ಸಾಕು ಎನ್ನುವಲ್ಲಿಗೆ ಇಳಿದಿದ್ದೆ. ಅದನ್ನೂ ಬೇಡಿಕೊಳ್ಳುವ ಧ್ವನಿಯಲ್ಲೇ ಕೇಳಿದೆನೋ ಏನೋ, ವಕೀಲೆ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು.

ಅಧಿಕಾರಪತ್ರ ಟೈಪಾಯಿತು. ಮಾತುಮಾತನ್ನೂ ಓದಿದೆ. ಓದಿದ್ದರಲ್ಲಿ ನಂಬಿಕೆ ಬರದೆ, "ನೀವೇ ಗಟ್ಟಿಯಾಗಿ ಓದಿ ಹೇಳಿಬಿಡಿ" ಎಂದೆ. ಓದಿದಳು. ಬಾಗಿಲು ಮುಚ್ಚುವ ಹೊತ್ತಿಗೆ ನೋಟರಿಯ ಮುಂದೆ ಸಹಿ ಹಾಕಿದೆ. ಆವತ್ತು ಶುಕ್ರವಾರವಲ್ಲ, ಅರಿಶಿನವೂ ಇರಲಿಲ್ಲ. ಮರುದಿನ ಅದನ್ನು ಬೆಂಗಳೂರಿಗೆ ಒಯ್ದು ಸರ್ಕಾರದ ಮುದ್ರೆ ಹಾಕಿಸಬೇಕು. ನನ್ನವರಿಗೆ ಫೋನ್ ಮಾಡಿ ಹೇಳಿದೆ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. "ಮೇಷ್ಟ್ರಿಗೆ ನಾನೇ ಹೇಳ್ತೀನಿ. ಈಗಲೇ ಅವರ ಮನೆಗೆ ಹೋಗ್ತೀನಿ. ನೀನು ಏನಾದ್ರೂ ತಿನ್ನು" ಎಂದರು.

ಮನೆಗೆ ಬಂದು ಗೇಟಿನ ಚಿಲಕ ತೆಗೆಯುವಾಗ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ನಮ್ಮ ಕರಿಬೇವಿನ ಕೊಂಬೆ ಬಗ್ಗಿಸುತ್ತಿದ್ದರು. ಕೇಳದೆ ಕೀಳುವಷ್ಟು ಸಲಿಗೆಯ ಮನುಷ್ಯರು. ಅವರ ಮನೆಯೊಳಗಿನಿಂದ ಟಿವಿಯ ಸದ್ದು, ಕುಕ್ಕರಿನ ಕೂಗು ಒಟ್ಟಿಗೇ ಬರುತ್ತಿತ್ತು. ಈ ಬೀದಿಯಲ್ಲಿ ಇನ್ನೂ ಯಾರಿಗೂ ಏನೂ ಗೊತ್ತಿರಲಿಲ್ಲ. ಇವತ್ತು ಬೇಡ, ನಾಳೆ ನಾನೇ ಎಲ್ಲರಿಗೂ ಹೇಳಬೇಕು ಎಂದುಕೊಂಡು, ಅವರನ್ನು ನೋಡಿ ನಗಲು ಪ್ರಯತ್ನಿಸಿದೆ.

"ಬೆಳಗ್ಗೆಯಿಂದ ಬೀಗ ಹಾಕಿತ್ತಲ್ರೀ, ತವರಿಗೆ ಹೋಗಿದ್ರಾ?" ಎಂದರು ಅವರು, ಕೈಯಲ್ಲಿದ್ದ ಎಸಳುಗಳನ್ನು ಸೆರಗಿಗೆ ಸುರಿದುಕೊಳ್ಳುತ್ತಾ. "ಅಂದಂಗೆ ಕೇಳಿದ್ರಾ, ನಮ್ಮ ನಾದಿನಿ ಮಗಳೂ ನಿಮ್ಮ ಹುಡುಗಿ ಇರೋ ದೇಶಕ್ಕೇ ಹೋಗ್ತಾಳಂತೆ. ಅಲ್ಲೇ ಮನೇನೂ ನೋಡಿದಾರಂತೆ, ನಾಳೆ ಅಡ್ವಾನ್ಸ್ ಕಳಿಸ್ತಾರೆ. ಯಾರಾದ್ರೂ ಲಾಯರ್‌ಗೆ ತೋರಿಸಬೇಕಾ ಅಂತ ಕೇಳ್ತಿದ್ರು. ಅಯ್ಯೋ ಅದ್ಯಾಕೆ ಸುಮ್ನೆ ಖರ್ಚು, ನಮ್ಮ ಪಕ್ಕದ ಮನೆಯೋರು ಎಲ್ಲಾ ಓದಿ ನೋಡೇ ತಗೊಂಡಿದಾರೆ ಅಂದ್ಬುಟ್ಟೆ ನಾನು."